ವೈದ್ಯಶಿಕ್ಷಣವೂ ಜನರ ಆಚಾರವಿಚಾರಗಳೂ

(ಬಸವಾಪಟ್ಟಣದಲ್ಲಿ ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಇಂತಹ ವೇದಿಕೆಯಿಂದ ಧರ್ಮಬೋಧೆಯನ್ನು ಮಾಡುವ ಯೋಗ್ಯತೆಯು ನನಗಿಲ್ಲ. ನಾನು ವೃತ್ತಿಯಿಂದ ವೈದ್ಯನು. ಬಹುಕಾಲ ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳಿದವನು. ನನ್ನ ಕಾಯಕದಲ್ಲಿ ಕಂಡುದನ್ನೂ, ನಾನು ತಪ್ಪಿದುದನ್ನೂ ತಮ್ಮ ಮುಂದೆ ಅರಿಕೆಮಾಡಿಕೊಳ್ಳಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿರುವುದರಿಂದ, ಆ ಅಪ್ಪಣೆಯನ್ನೇ ಪ್ರಸಾದವೆಂದು ಭಾವಿಸಿ ನಿಂತಿರುವೆನು. ಈ ದಿನದ ವಿಷಯವು ಇದು: ತನ್ನದಲ್ಲದ ಭಾಷೆ, ತನ್ನದಲ್ಲದ ಆಚಾರ, ತನ್ನದಲ್ಲದ ನಂಬಿಕೆಗಳುಳ್ಳ ಜನರನ್ನು ಅರಿತು ಅವರೊಡನೆ ನಡೆದುಕೊಳ್ಳುವ ಜಾಣ್ಮೆಯನ್ನು ವೈದ್ಯವಿದ್ಯಾರ್ಥಿಗೆ ಕಲಿಸಬೇಕೆ? ಕಲಿಸುವುದಾದರೆ ಹೇಗೆ ಕಲಿಸಬೇಕು?

ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಡೆದುದನ್ನು ಮೊದಲು ಹೇಳುವೆನು. ನಮ್ಮ ಸೀಮೆಯ ವೃದ್ಧಭಕ್ತರೊಬ್ಬರಿಗೆ ಕರುಳು ಜಾರಿ ಸಿಕ್ಕಿಕೊಂಡು ಪ್ರಾಣಸಂಕಟವಾಗಿದ್ದಿತು. ಕೂಡಲೇ ಶಸ್ತ್ರಚಿಕಿತ್ಸೆ ಆಗಲೇಬೇಕು. ತಡವಾದಷ್ಟೂ ಸಿಕ್ಕಿಕೊಂಡ ಕರುಳು ಸತ್ತುಹೋಗುವ ಭಯ. ಅವರನ್ನು ಸಿದ್ಧಪಡಿಸುತ್ತಿದ್ದ ತರುಣವೈದ್ಯನು ಉತ್ತರದೇಶದವನು, ನಮ್ಮ ನಾಡಿಗೆ ಬಂದು ವರ್ಷವೂ ತುಂಬಿರಲಿಲ್ಲ. ಮೈಮೇಲಿನ ಲೋಹದ ಒಡವೆಗಳನ್ನೆಲ್ಲ ತೆಗೆಯಬೇಕೆಂದನು. ಮುದುಕರು ಉಂಗುರವನ್ನು ಕೊಟ್ಟರು, ಉಡಿದಾರವನ್ನು ಕೊಟ್ಟರು. ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಗೆ ಕೈಯಿಟ್ಟಾಗ ಮಾತ್ರ ಎರಡು ಕೈಗಳಿಂದಲೂ ಅದನ್ನು ಮುಚ್ಚಿಕೊಂಡರು. ಆತನು ಅದನ್ನು ತಾಯಿತವೆಂದೆಣಿಸಿ ಮತ್ತೆ ಮತ್ತೆ ಕೇಳಿದನು. ಕಡೆಗೆ ಆ ಭಕ್ತರು, ಅಂಗದಿಂದ ಲಿಂಗವು ಅಗಲುವುದಾದರೆ ತಮಗೆ ಶಸ್ತ್ರಚಿಕಿತ್ಸೆಯೇ ಬೇಡವೆಂದು ಹೇಳಿ, ತಳ್ಳುಮಂಚದಿಂದ ಇಳಿದುಬಿಟ್ಟರು. ಎರಡು ಘಂಟೆಗಳ ಕಾಲ ವ್ಯರ್ಥವಾಗಿ ಕಳೆಯಿತು. ಬಳಿಕ ಹಿರಿಯ ದಾದಿಯೊಬ್ಬರು ಬಂದು ಸಂಗತಿಯನ್ನು ಕೇಳಿ, ಬೆಳ್ಳಿಯ ಕರಡಿಗೆಯನ್ನು ಮಗನ ಕೈಗೆ ಕೊಡಿಸಿ, ಇಷ್ಟಲಿಂಗವನ್ನು ಶುಭ್ರವಾದ ವಸ್ತ್ರದಲ್ಲಿ ಸುತ್ತಿ ಅವರ ತೋಳಿಗೆ ಕಟ್ಟಿಸಿದರು. ಲೋಹವು ಹೊರಗುಳಿಯಿತು, ಲಿಂಗವು ಅಂಗದ ಮೇಲುಳಿಯಿತು. ಶಸ್ತ್ರಚಿಕಿತ್ಸೆಯು ನಡೆಯಿತು, ಮುದುಕರು ಬದುಕಿದರು.

ಇಲ್ಲಿ ತಪ್ಪು ಯಾರದು? ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಉಪಕರಣವನ್ನು ಬಳಸುವಾಗ ಮೈಮೇಲೆ ಲೋಹವಿದ್ದರೆ ಅಲ್ಲಿ ಚರ್ಮವು ಸುಟ್ಟುಹೋಗುವ ಅಪಾಯವಿರುವುದರಿಂದ, ತರುಣವೈದ್ಯನು ಕೇಳಿದುದು ಶಾಸ್ತ್ರಸಮ್ಮತವೇ. ದೇಹವಿರುವವರೆಗೆ ಲಿಂಗವನ್ನಗಲಲಾರೆನೆಂದು ವೃದ್ಧರು ಹೇಳಿದುದೂ ನಮ್ಮ ಧರ್ಮಕ್ಕೆ ಸಮ್ಮತವೇ. ಎರಡು ಸರಿಗಳ ನಡುವೆ ಒಂದು ಪ್ರಾಣವು ತೂಗಾಡಿತು. "ಇದೇನು ತಾತ, ಇದನ್ನು ತೆಗೆಯಲು ತಮಗೇಕೆ ಮನಸ್ಸಿಲ್ಲ?" ಎಂಬ ಒಂದು ಪ್ರಶ್ನೆಯನ್ನು ಕೇಳಿದ್ದರೆ ಎರಡು ನಿಮಿಷಗಳಲ್ಲಿ ತೀರುತ್ತಿದ್ದ ಕೆಲಸವಿದು. ಆ ತರುಣನು ಒರಟನಲ್ಲ, ನಾಸ್ತಿಕನೂ ಅಲ್ಲ. ಕರುಳಿನ ಪ್ರತಿಯೊಂದು ಮಡಿಕೆಯನ್ನೂ ಅವನಿಗೆ ಕಲಿಸಿದ ನಾವು, ಕೇಳುವುದನ್ನು ಕಲಿಸಿರಲಿಲ್ಲ.

ಪರರ ತಪ್ಪನ್ನು ಹೇಳಿ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. ನಾನು ಇದೇ ನಾಡಿನಲ್ಲಿ ಹುಟ್ಟಿ, ಇದೇ ನುಡಿಯನ್ನಾಡಿ ಬೆಳೆದವನು. ವೃತ್ತಿಯ ಮೊದಲ ದಿನಗಳಲ್ಲಿ ತಾಂಡಾದಿಂದ ಒಬ್ಬ ಲಂಬಾಣಿ ತರುಣಿಯು ಚೊಚ್ಚಲ ಬಸಿರಿನಲ್ಲಿ ಕಾಲೂತವೆಂದು ಬಂದಿದ್ದಳು. ಅವಳ ಎರಡು ತೋಳುಗಳಲ್ಲಿಯೂ ಮೊಣಕೈಯಿಂದ ಮೇಲಕ್ಕೆ ಬಳೆಗಳು ಒತ್ತಾಗಿ ತುಂಬಿದ್ದವು. ರಕ್ತದ ಒತ್ತಡವನ್ನು ಅಳೆಯುವ ಪಟ್ಟಿಯನ್ನು ಕಟ್ಟಲು ಸ್ಥಳವಿಲ್ಲದೆ, "ಇವನ್ನೆಲ್ಲ ಒಡೆದು ತೆಗೆದು ನಾಳೆ ಬಾ" ಎಂದು ನಾನು ಅವಸರದಿಂದ ಹೇಳಿದೆನು. ಆ ತೋಳಬಳೆಗಳು ಮುತ್ತೈದೆತನದ ಗುರುತೆಂದೂ, ಅವನ್ನು ಒಡೆಯುವುದು ಗಂಡನನ್ನು ಕಳೆದುಕೊಂಡಾಗಲೆಂದೂ ನನಗೆ ತಿಳಿದಿರಲಿಲ್ಲ. ತಿಳಿಯಬೇಕೆಂಬ ಯೋಚನೆಯೂ ಬರಲಿಲ್ಲ. ಅವಳು ಮಾತನಾಡದೆ ಎದ್ದು ಹೋದಳು; ಮರುದಿನ ಬರಲಿಲ್ಲ. ಐದನೆಯ ದಿನ ಬಸಿರಿನ ನಂಜೇರಿ, ಸೆಳವು ಬಂದು, ಎತ್ತಿನ ಗಾಡಿಯಲ್ಲಿ ಹೊತ್ತು ತಂದರು. ತಾಯಿಯು ಉಳಿದಳು, ಕೂಸು ಉಳಿಯಲಿಲ್ಲ. ಅವಳ ಅತ್ತೆಯು ನನ್ನನ್ನು ಬಯ್ಯಲಿಲ್ಲ. "ಮೇಲಕ್ಕೆ ಸರಿಸು ಎಂದಿದ್ದರೆ ಸರಿಸುತ್ತಿದ್ದಳಪ್ಪ, ಒಡೆ ಎಂದೆಯಲ್ಲ" ಎಂದಷ್ಟೇ ಹೇಳಿದಳು. ಮೊಣಕೈ ಕೆಳಗೆ ಪಟ್ಟಿಯನ್ನು ಕಟ್ಟಿಯಾದರೂ ಒತ್ತಡವನ್ನು ಸುಮಾರಾಗಿ ಅಂದಾಜುಮಾಡಬಹುದಾಗಿದ್ದಿತು. ಬುದ್ಧಿಯಿದ್ದವನಿಗೆ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ಏಕೆಂದರೆ ಅವನು ಎದುರಿಗಿದ್ದವಳನ್ನು ನೋಡಲಿಲ್ಲ, ಬಳೆಯನ್ನು ಮಾತ್ರ ನೋಡಿದನು. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವು ನಮ್ಮ ನ್ಯಾಮತಿಯ ಸೀಮೆಯಲ್ಲಿಯೇ ಇರುವುದು. ಇಷ್ಟು ಹತ್ತಿರದ ನೆರೆಯವರ ಆಚಾರವೇ ನನಗೆ ಪರದೇಶವಾಗಿದ್ದಿತು. ಆದಕಾರಣ ಈ ವಿದ್ಯೆಯು ದೂರದಿಂದ ಬಂದ ವಿದ್ಯಾರ್ಥಿಗೆ ಮಾತ್ರ ಬೇಕಾದುದೆಂದು ಯಾರೂ ತಿಳಿಯಬಾರದು.

ಇಲ್ಲಿ ಶರಣಬಂಧುಗಳು ಒಂದು ಸಂದೇಹವನ್ನು ಎತ್ತಬಹುದು. ಬಂದವನ ಕುಲವನ್ನು ವಿಚಾರಿಸಬಾರದೆಂಬುದು ಶರಣಧರ್ಮದ ಮೊದಲ ಪಾಠವಲ್ಲವೆ? ಹಾಗಿರಲು ರೋಗಿಯನ್ನು ನೀನು ಯಾರು, ನಿನ್ನ ಆಚಾರವೇನೆಂದು ಕೇಳಬೇಕೆನ್ನುವುದು ಹಳೆಯ ಭೇದವನ್ನು ಮತ್ತೆ ಒಳಗೆ ಕರೆದಂತಾಗದೆ? ಈ ಸಂದೇಹವು ಯೋಗ್ಯವಾದುದೇ. ಆದರೆ ಕೇಳುವುದರಲ್ಲಿ ಎರಡು ವಿಧಗಳುಂಟು. ಹೊಸ್ತಿಲ ಹೊರಗೆ ನಿಲ್ಲಿಸುವುದಕ್ಕಾಗಿ ಕೇಳುವುದೊಂದು. ಒಳಗೆ ಕರೆದು, ಎಲೆಯ ಮುಂದೆ ಕುಳ್ಳಿರಿಸಿ, ಏನನ್ನು ಬಡಿಸಲಿ ಎಂದು ಕೇಳುವುದು ಮತ್ತೊಂದು. ದಾಸೋಹದ ಮನೆಯಲ್ಲಿ ಎಲ್ಲರಿಗೂ ಎಡೆಯುಂಟು. ಆದರೂ ಹಲ್ಲಿಲ್ಲದ ಮುದುಕನಿಗೂ ಹಾಲು ಕುಡಿಯುವ ಕೂಸಿಗೂ ಒಂದೇ ರೊಟ್ಟಿಯನ್ನು ಬಡಿಸಿ ಸಮಾನತೆಯೆನ್ನುವವರುಂಟೆ? ಎಲ್ಲರನ್ನೂ ಸಮಾನವಾಗಿ ಕಾಣುವುದೆಂದರೆ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ಯುವುದಲ್ಲ. ವೈದ್ಯನು ಕೇಳಬೇಕಾದುದು ಎರಡನೆಯ ವಿಧದ ಪ್ರಶ್ನೆಯನ್ನು.

ಕಲ್ಯಾಣದ ಮಹಾಮನೆಯಾದರೂ ನಾನಾದೇಶಗಳ ಜನರು ಕೂಡಿದ ಸ್ಥಳವಾಗಿದ್ದಿತು. ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನೂ, ಸೌರಾಷ್ಟ್ರದಿಂದ ಆದಯ್ಯನೂ ಬಂದರೆಂದು ನಮ್ಮ ಪರಂಪರೆಯು ಹೇಳುವುದು. ಆಫ್ಘಾನ ದೇಶದಿಂದ ಬಂದನೆಂದು ಹೇಳಲಾಗುವ ಮರುಳಶಂಕರದೇವನ ಕಥೆಯನ್ನು ತಾವೆಲ್ಲರೂ ಕೇಳಿರುವಿರಿ. ಆತನು ಬಹುಕಾಲ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿಯೇ ಇದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ. ಪ್ರಭುದೇವರು ಬಂದು ಗುರುತಿಸಿದ ಮೇಲೆಯೇ ಆತನ ಹಿರಿಮೆಯು ತಿಳಿದು, ತಾವು ಕಾಣದೆಹೋದೆವಲ್ಲಾ ಎಂದು ಬಸವಣ್ಣನವರು ನೊಂದುಕೊಂಡರೆಂದು ಶೂನ್ಯಸಂಪಾದನೆಯು ತಿಳಿಸುವುದು. ಅಂತಹ ಮಹಾಮನೆಯಲ್ಲಿಯೇ ಒಬ್ಬ ಪರದೇಶಿಯು ಅಜ್ಞಾತನಾಗಿ ಉಳಿದಿರಬಹುದಾದರೆ, ನೂರಾರು ಮಂಚಗಳ ಆಸ್ಪತ್ರೆಯಲ್ಲಿ ಎಷ್ಟು ಮಂದಿ ಮರುಳಶಂಕರರು ಯಾರಿಗೂ ಕಾಣದೆ ಮಲಗಿರುವರೋ! ಅನ್ನವನ್ನಿಕ್ಕಿದ ಮಾತ್ರಕ್ಕೆ, ಔಷಧವನ್ನು ಕೊಟ್ಟ ಮಾತ್ರಕ್ಕೆ ಮನುಷ್ಯನನ್ನು ಕಂಡಂತಾಗುವುದಿಲ್ಲವೆಂಬುದು ಆ ಕಥೆಯ ತಾತ್ಪರ್ಯವೆಂದು ನಾನು ಭಾವಿಸಿರುವೆನು. ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನೂ ಇದ್ದನೆಂಬುದನ್ನು ನೆನೆದರೆ ವೈದ್ಯಕಾಯಕವು ನಮಗೆ ಹೊರಗಿನದಲ್ಲವೆಂಬುದು ಸ್ಪಷ್ಟವಾಗುವುದು. ನಮ್ಮ ಪ್ರಾಚೀನ ವೈದ್ಯಶಾಸ್ತ್ರವೂ ಇದನ್ನು ಮರೆತಿರಲಿಲ್ಲ. ಚರಕಸಂಹಿತೆಯಲ್ಲಿ ರೋಗಿಯನ್ನು ಪರೀಕ್ಷಿಸತಕ್ಕ ಹತ್ತು ಅಂಶಗಳನ್ನು ಹೇಳುವಾಗ, ಆ ವ್ಯಕ್ತಿಗೆ ರೂಢಿಯಿಂದ ಒಗ್ಗಿದುದು ಯಾವುದೆಂದು ನೋಡುವ ಸಾತ್ಮ್ಯವನ್ನೂ ಒಂದಾಗಿ ಎಣಿಸಿರುವರು.

ಇನ್ನು ನಮ್ಮ ಕಾಲದ ಶಿಕ್ಷಣಕ್ಕೆ ಬರುವೆನು. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಹುಬ್ಬಳ್ಳಿಯಲ್ಲಿ 1957ರಲ್ಲಿಯೂ, ಬೆಳಗಾವಿಯಲ್ಲಿ 1963ರಲ್ಲಿಯೂ ಕಾಲೇಜುಗಳಾದವು. ನಮ್ಮ ದಾವಣಗೆರೆಯಲ್ಲಿ 1965ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜು, ಬಡವಿದ್ಯಾರ್ಥಿಗಳಿಗೆ ಊರೂರುಗಳಲ್ಲಿ ಉಚಿತ ವಸತಿಗೃಹಗಳನ್ನು ತೆರೆಸಿದ ಚಿತ್ರದುರ್ಗ ಬೃಹನ್ಮಠದ ಶ್ರೀಮಜ್ಜಗದ್ಗುರು ಜಯದೇವ ಮುರುಘರಾಜೇಂದ್ರ ಸ್ವಾಮಿಗಳವರ ಹೆಸರನ್ನು ಧರಿಸಿರುವುದು. ಸುತ್ತೂರು ಮಠದ ಆಶ್ರಯದಲ್ಲಿ ಮೈಸೂರಿನಲ್ಲಿ 1984ರಲ್ಲಿ ಮತ್ತೊಂದಾಯಿತು. ಗುರುಗಳ ನಾಮವನ್ನು ಹೊತ್ತ, ಮಠಗಳ ನೆರಳಿನಲ್ಲಿ ಬೆಳೆದ ಇಂತಹ ವಿದ್ಯಾಲಯಗಳಿಗೆ ಈಗ ಭರತಖಂಡದ ಎಲ್ಲ ಮೂಲೆಗಳಿಂದಲೂ ವಿದ್ಯಾರ್ಥಿಗಳು ಬರುತ್ತಿರುವರು. ಇದು ಸಂತೋಷದ ಸಂಗತಿ. ಆದರೆ ಬಂದವರು ನಮ್ಮ ಜನರ ಮೈಯನ್ನು ಮುಟ್ಟಿ ವಿದ್ಯೆ ಕಲಿಯುವರೇ ಹೊರತು ಮಾತನ್ನೂ ಮನಸ್ಸನ್ನೂ ಮುಟ್ಟದೆ ಹಿಂದಿರುಗಿದರೆ, ಆ ನಾಮಕ್ಕೆ ನಾವು ಸಲ್ಲಿಸಿದ ಸೇವೆಯು ಅರ್ಧವೇ ಸರಿ.

ಸರ್ಕಾರದವರೂ ತಜ್ಞರೂ ಈ ಕೊರತೆಯನ್ನು ಬಹುಕಾಲದಿಂದ ಅರಿತಿರುವರು. 1946ರಲ್ಲಿ ವರದಿಯನ್ನೊಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿಯು, ರೋಗವನ್ನು ಮಾತ್ರವಲ್ಲದೆ ಸಮಾಜವನ್ನೂ ಬಲ್ಲ ವೈದ್ಯನು ತಯಾರಾಗಬೇಕೆಂದು ಹೇಳಿತು. 1977ರಲ್ಲಿ ವೈದ್ಯಕೀಯ ಕಾಲೇಜುಗಳನ್ನು ಗ್ರಾಮಾಂತರದ ಪ್ರಾಥಮಿಕ ಆರೋಗ್ಯಕೇಂದ್ರಗಳಿಗೆ ಜೋಡಿಸುವ ಯೋಜನೆಯೊಂದು ಹೊರಟಿತು. 2018ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು, ಮನೋಧರ್ಮ, ನೀತಿ, ಸಂಭಾಷಣೆ ಇವುಗಳ ಪಾಠಕ್ರಮವನ್ನು ಪ್ರಕಟಿಸಿತು. 2019ರಲ್ಲಿ ಸೇರಿದವರಿಗೆ ಮೊದಲ ತಿಂಗಳ ಪ್ರವೇಶಶಿಕ್ಷಣದಲ್ಲಿ ಸ್ಥಳೀಯ ಭಾಷೆಗೂ ಸ್ಥಾನ ದೊರೆಯಿತು. 2020ರಲ್ಲಿ ಪರಿಷತ್ತಿನ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು, 2021-22ನೆಯ ಸಾಲಿನ ವಿದ್ಯಾರ್ಥಿಗಳಿಂದ ಮೊದಲುಗೊಂಡು, ಪ್ರತಿಯೊಬ್ಬ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ತನ್ನವೆಂದು ವಹಿಸಿಕೊಂಡು ಅವುಗಳ ಆರೋಗ್ಯವನ್ನು ನೋಡಿಕೊಳ್ಳುವ ಏರ್ಪಾಟನ್ನು ಮಾಡಿತು. ಆಜ್ಞೆಗಳಿಗೆ ಕೊರತೆಯಿಲ್ಲವೆಂಬುದು ಇದರಿಂದ ತಿಳಿಯುವುದು. ಆದರೆ ಆಜ್ಞೆಯು ಕಾಗದದಿಂದ ಇಳಿದು ಕೈಗೆ ಬರುವುದು ಶಿಕ್ಷಕನಿಂದಲೂ, ಊರಿನ ಜನರಿಂದಲೂ.

ಇದನ್ನು ಕಲಿಸುವ ಮಾರ್ಗದಲ್ಲಿ ಮೊದಲನೆಯದು ಭಾಷೆ. ಕನ್ನಡವನ್ನು ಕಲಿಸುವೆವೆಂದು ವರ್ಣಮಾಲೆಯಿಂದ ಆರಂಭಿಸಿ ವ್ಯಾಕರಣಕ್ಕೆ ಬರುವಷ್ಟರಲ್ಲಿ ಸಮಯವು ತೀರಿಹೋಗುವುದು. ವಿದ್ಯಾರ್ಥಿಗೆ ಮೊದಲು ಬೇಕಾದುದು ರೋಗಿಯ ನುಡಿ. ಪುಸ್ತಕದಲ್ಲಿ ಅವನು 'ನೋವು' ಎಂಬುದನ್ನು ಕಲಿತಿರುವನು. ಹಳ್ಳಿಯವನು ಬಂದು 'ಬ್ಯಾನೆ' ಎನ್ನುವನು. ಹೆಂಗಸು 'ಹೊರಗಾಗಿದ್ದೇನೆ' ಎಂದರೆ ಮನೆಯ ಹೊರಗೆ ನಿಂತಿರುವಳೆಂದು ಅರ್ಥಮಾಡಿದ ವಿದ್ಯಾರ್ಥಿಯನ್ನು ನಾನು ಬಲ್ಲೆನು. 'ಮೈಮೇಲೆ ಅಮ್ಮ ಎದ್ದಿದ್ದಾಳೆ' ಎಂದರೆ ಸಿಡುಬಿನ ಜಾತಿಯ ಗುಳ್ಳೆಗಳೆಂದೂ, ಆ ಮನೆಯವರು ಔಷಧವೆಂದರೆ ಹಿಂಜರಿಯುವುದು ಭಕ್ತಿಯಿಂದಲೆಂದೂ ಅವನಿಗೆ ಯಾರು ಹೇಳಬೇಕು? 'ಉಷ್ಣ', 'ವಾಯು', 'ಸುಸ್ತು', 'ಜೀವಕ್ಕೆ ಸಮಾಧಾನವಿಲ್ಲ' ಎಂಬ ಮಾತುಗಳ ಹಿಂದೆ ಹತ್ತಾರು ರೋಗಗಳೂ, ಹೇಳಿಕೊಳ್ಳಲಾಗದ ಮನೆಯ ದುಃಖಗಳೂ ಅಡಗಿರಬಹುದು. ತಾಯಿಯ ಗುಪ್ತವ್ಯಾಧಿಯನ್ನು ಎಂಟು ವರ್ಷದ ಮಗನ ಬಾಯಿಂದ ಭಾಷಾಂತರ ಮಾಡಿಸಿ ಕೇಳಬಾರದೆಂಬುದನ್ನೂ ಇದೇ ಪಾಠದಲ್ಲಿ ಕಲಿಸತಕ್ಕದ್ದು.

ಹಳ್ಳಿಯವರ ನುಡಿಯನ್ನು ಅಜ್ಞಾನವೆಂದು ತಳ್ಳಿಹಾಕುವವರಿಗೆ ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯೇ ಉತ್ತರವನ್ನು ಕೊಟ್ಟಿರುವುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಲ ಜನರಿಗೆ ಹೊಸದೊಂದು ಜ್ವರವು ಬಂದಿತು. ಕಾಡಿನಲ್ಲಿ ಮಂಗಗಳೂ ಸಾಯುತ್ತಿದ್ದವು. ಜನರು ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಪುಣೆಯ ವೈರಸ್ ಸಂಶೋಧನಕೇಂದ್ರದವರು ಬಂದು ಶೋಧಿಸಿ, ರೋಗಿಗಳಲ್ಲಿಯೂ ಸತ್ತ ಮಂಗಗಳಲ್ಲಿಯೂ ಇರುವುದು ಒಂದೇ ವೈರಸ್ಸೆಂದೂ, ಅದನ್ನು ಹರಡುವುದು ಉಣುಗೆಂದೂ ತೋರಿಸಿದರು. ವಿಜ್ಞಾನವು ಬಹಳ ಶ್ರಮಪಟ್ಟು ಸ್ಥಿರಪಡಿಸಿದ ಸಂಬಂಧವು ಹಳ್ಳಿಗನು ಇಟ್ಟ ಹೆಸರಿನಲ್ಲಿಯೇ ಇದ್ದಿತು. ಮಂಗನೇ ರೋಗವನ್ನು ನೇರವಾಗಿ ಅಂಟಿಸುವುದೆಂಬ ತಿಳಿವಳಿಕೆಯನ್ನು ವಿಜ್ಞಾನವು ತಿದ್ದಬೇಕಾಯಿತು, ನಿಜ. ಕೇಳಬೇಕು, ಕೇಳಿದುದನ್ನು ಪರೀಕ್ಷಿಸಬೇಕು. ಇವೆರಡೂ ಸೇರಿದರೆ ವೈದ್ಯವು.

ಎರಡನೆಯದು ಪ್ರಶ್ನೆ. ಅಮೆರಿಕೆಯಲ್ಲಿ ಆರ್ಥರ್ ಕ್ಲೈನ್‌ಮನ್ ಎಂಬ ಮನೋವೈದ್ಯರು, ಮಾನವಶಾಸ್ತ್ರವನ್ನೂ ಬಲ್ಲವರು, 1978ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಬರೆದ ಲೇಖನವೊಂದರಲ್ಲಿ ವೈದ್ಯನು ರೋಗಿಯನ್ನು ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಸೂಚಿಸಿದರು. ಅವುಗಳ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಈ ಬೇನೆಯನ್ನು ನೀವು ಏನೆಂದು ಕರೆಯುವಿರಿ? ಇದು ಏತರಿಂದ ಬಂದಿತೆಂದು ನಿಮ್ಮ ಎಣಿಕೆ? ಈಗಲೇ ಏಕೆ ಬಂದಿತು? ಇದರಿಂದ ನಿಮಗೆ ಅತ್ಯಂತ ಭಯವಾವುದು? ಎಂತಹ ಚಿಕಿತ್ಸೆಯು ಆಗಬೇಕೆಂದು ನೀವು ಬಯಸುವಿರಿ? ಇದಕ್ಕೆ ಯಂತ್ರವು ಬೇಡ, ಹಣವು ಬೇಡ. ಕುಳಿತುಕೊಳ್ಳಲು ಒಂದು ಪೀಠ, ಕೇಳುವ ಕಿವಿ, ಇಷ್ಟು ಸಾಕು. ಪುರದ ವೈದ್ಯನಿಗೆ ಸಮಯವೆಲ್ಲಿದೆಯೆಂದು ಆಕ್ಷೇಪಿಸುವವರುಂಟು. ನಾನು ಎರಡು ನಿಮಿಷ ಉಳಿಸಹೋಗಿ ಕಳೆದ ಕೂಸಿನ ಕಥೆಯನ್ನು ಅವರಿಗೆ ಹೇಳುವೆನು.

ಈ ಪ್ರಶ್ನೆಗಳಿಂದ ಆಗುವ ಪ್ರಯೋಜನಕ್ಕೆ ನಮ್ಮ ಮನೆಗಳಿಂದಲೇ ದೃಷ್ಟಾಂತ ಕೊಡುವೆನು. ಸಕ್ಕರೆಕಾಯಿಲೆಯ ಕೆಲವು ಮಾತ್ರೆಗಳನ್ನು ಊಟಕ್ಕೆ ಸ್ವಲ್ಪ ಮುಂಚೆ ನುಂಗಬೇಕು. ನುಂಗಿ ಉಣ್ಣದಿದ್ದರೆ ರಕ್ತದ ಸಕ್ಕರೆಯು ಇಳಿದು ಎಚ್ಚರ ತಪ್ಪುವುದು. ವೈದ್ಯನು 'ಬೆಳಿಗ್ಗೆ ಒಂದು' ಎಂದು ಬರೆದುಕೊಡುವನು. ಅಜ್ಜಿಯು ಐದು ಘಂಟೆಗೆ ಎದ್ದು ಮಾತ್ರೆಯನ್ನು ನುಂಗಿ, ಮಿಂದು, ಇಷ್ಟಲಿಂಗಪೂಜೆಯನ್ನು ಮುಗಿಸಿ ಬಾಯಿಗೆ ಅನ್ನವಿಡುವಷ್ಟರಲ್ಲಿ ಹತ್ತು ಘಂಟೆ. ಪೂಜೆಯ ಮಧ್ಯದಲ್ಲಿ ಬೆವತು ಬಿದ್ದರೆ ಮನೆಯವರು ದೈವಾವೇಶವೆನ್ನಬಹುದು, ವೈದ್ಯನು ಹೃದಯವ್ಯಾಧಿಯೆನ್ನಬಹುದು. "ತಾವು ಪೂಜೆಗೆ ಎಷ್ಟು ಹೊತ್ತಿಗೆ ಕೂರುವಿರಿ, ಏನಾದರೂ ಬಾಯಿಗೆ ಹಾಕುವುದು ಯಾವಾಗ?" ಎಂದು ಕೇಳಿದ್ದರೆ ಮಾತ್ರೆಯು ತಾನಾಗಿ ಪೂಜೆಯ ಬಳಿಕಕ್ಕೆ ಸರಿಯುತ್ತಿದ್ದಿತು. ರಂಜಾನಿನ ತಿಂಗಳಲ್ಲಿ ನಮ್ಮ ಮುಸಲ್ಮಾನ ಬಂಧುಗಳಿಗೂ ಇದೇ ಪ್ರಶ್ನೆಯನ್ನು ಕೇಳಬೇಕು. ಔಷಧದ ಕೆಲವು ಗುಳಿಗೆಗಳ ಮೇಲ್ಪೊರೆಯು ಪ್ರಾಣಿಗಳ ಮೂಳೆ ಚರ್ಮಗಳಿಂದಾದುದು. ರಕ್ತವು ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬುದನ್ನು ಹಂದಿಯ ಕರುಳಿನಿಂದ ತಯಾರಿಸುವರು. ಇದನ್ನು ಮುಚ್ಚಿಡುವುದು ವಂಚನೆ. ತಿಳಿಸಿ, ಬೇರೆ ಮಾರ್ಗವಿದ್ದರೆ ಹುಡುಕಿ, ಇಲ್ಲದಿದ್ದರೆ ಪ್ರಾಣದ ಮಾತನ್ನು ವಿವರಿಸಿದರೆ, ಬಹುಮಂದಿ ತಾವೇ ವಿವೇಕದಿಂದ ಒಪ್ಪುವರು.

ಮತ್ತೊಂದು ವಿಷಯವು ಚನ್ನಗಿರಿಯ ಸೀಮೆಗೆ ಬಹು ಸೂಕ್ಷ್ಮವಾದುದು. ಅಡಕೆಯು ನಮ್ಮ ತೋಟದ ಬದುಕು, ಮಂಗಳಕಾರ್ಯದ ಮರ್ಯಾದೆ. ಅಡಕೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯವರು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿರುವರು. ಹೊಗೆಸೊಪ್ಪು ಬೆರೆತರಂತೂ ಹೇಳತಕ್ಕದ್ದೇ ಇಲ್ಲ. ಬಾಯಿ ಬಿಗಿದು ಮೂರು ಬೆರಳು ಹಿಡಿಯದಂತಾದ ರೈತನಿಗೆ, ಹೊಸ ವಿದ್ಯಾರ್ಥಿಯು "ಅಡಕೆ ವಿಷ" ಎಂದು ಗದರಿಸಿದರೆ, ಆತನು ತನ್ನ ತೋಟವನ್ನೇ ಹಳಿದರೆಂದು ಎದ್ದುಹೋಗುವನು. ಹಾಗೆಂದು ಸತ್ಯವನ್ನು ನುಂಗುವುದೂ ವೈದ್ಯಧರ್ಮವಲ್ಲ. ದಿನಕ್ಕೆಷ್ಟು ಬಾರಿ, ಏನನ್ನು ಬೆರಸಿ, ಯಾವಾಗಿನಿಂದ ಎಂದು ಕೇಳಿ, ಬಾಯನ್ನು ಕನ್ನಡಿಯಲ್ಲಿ ಅವನಿಗೇ ತೋರಿಸಿ, ಬಳಿಕ ಹೇಳಬೇಕು. ಒಮ್ಮೆ ಒಬ್ಬ ಹಿರಿಯ ತಾಯಿಯು ನನ್ನ ವಿದ್ಯಾರ್ಥಿಗೆ ಹೇಳಿದಳು: "ತಟ್ಟೆಯಲ್ಲಿ ಕೊಟ್ಟ ತಾಂಬೂಲವನ್ನು ಕಣ್ಣಿಗೊತ್ತಿಕೊಂಡರೆ ಮರ್ಯಾದೆ ಮುಗಿಯಿತಪ್ಪ, ಹಗಲೆಲ್ಲ ಜಗಿಯೆಂದು ಯಾವ ಶಾಸ್ತ್ರವೂ ಹೇಳಿಲ್ಲ." ಯಾವ ಪುಸ್ತಕದಲ್ಲಿಯೂ ಇಲ್ಲದ ಈ ಉಪಾಯವು ಕೇಳಿದುದರಿಂದಲೇ ದೊರೆಯಿತು.

ಮರಣದ ಸಮಯದಲ್ಲಿ ಈ ಅರಿವು ಇನ್ನೂ ಹೆಚ್ಚಾಗಿ ಬೇಕಾಗುವುದು. ಲಿಂಗೈಕ್ಯರಾದವರನ್ನು ಕುಳ್ಳಿರಿಸಿ ಸಮಾಧಿಮಾಡುವುದು ನಮ್ಮ ಪದ್ಧತಿ. ಉಸಿರು ನಿಂತ ಕೆಲವು ಘಂಟೆಗಳಲ್ಲಿ ದೇಹವು ಬಿರುಸಾಗುವುದೆಂದು ವೈದ್ಯನಿಗೆ ತಿಳಿದಿರುವುದು. ಆದರೆ ಆ ದೇಹವನ್ನು ಮನೆಯವರು ಕುಳ್ಳಿರಿಸಬೇಕಾಗಿದೆಯೆಂದು ತಿಳಿದಿರುವುದಿಲ್ಲ. ಒಂದು ರುಜುವಿಗಾಗಿ ರಾತ್ರಿಯೆಲ್ಲ ಕಾಯಿಸಿ ಬೆಳಿಗ್ಗೆ ಕೊಟ್ಟರೆ ಮಕ್ಕಳ ಸಂಕಟವು ಹೇಳತೀರದು. ಎರಡು ತಿಳಿವಳಿಕೆಗಳೂ ಒಬ್ಬನಲ್ಲಿಯೇ ಕೂಡಿದ್ದರೆ, ಕಾನೂನಿನ ಅಡ್ಡಿಯಿಲ್ಲದೆಡೆಯಲ್ಲಿ ಅವನು ಕಾಗದಗಳನ್ನು ತ್ವರೆಯಾ ಮುಗಿಸಿಕೊಡುವನು. ಬೇಗ ದಫನು ಮಾಡಬೇಕಾದ ಮುಸಲ್ಮಾನರ ಮನೆಗೂ ಆ ತ್ವರೆಯು ಅಷ್ಟೇ ಉಪಕಾರವಾಗುವುದು.

ಇಷ್ಟು ದೃಷ್ಟಾಂತಗಳನ್ನು ಕೇಳಿದ ಮೇಲೆ, ಇವನ್ನೆಲ್ಲ ಒಂದು ಪಟ್ಟಿಮಾಡಿ, ಲಿಂಗಾಯತರು ಹೀಗೆ, ಲಂಬಾಣಿಗಳು ಹೀಗೆ, ಮುಸಲ್ಮಾನರು ಹೀಗೆ ಎಂದು ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸೋಣವೆನ್ನುವವರುಂಟು. ಅದು ದೊಡ್ಡ ಅಪಾಯ. ಪೂಜೆಗೆ ಮುಂಚೆ ನೀರನ್ನೂ ಮುಟ್ಟದ ಲಿಂಗಾಯತರುಂಟು, ಕಾಫಿ ಕುಡಿದೇ ಹಾಸಿಗೆ ಬಿಡುವವರೂ ಉಂಟು. ಪಟ್ಟಿಯನ್ನು ಕಲಿತವನು ಮತ್ತೆ ಕೇಳುವುದಿಲ್ಲ. ಹೆಸರನ್ನು ನೋಡಿದೊಡನೆಯೇ ತೀರ್ಮಾನಿಸುವನು. ಹಾಗಾದರೆ ಹೊಸ್ತಿಲ ಹೊರಗೆ ನಿಲ್ಲಿಸುವ ಹಳೆಯ ಪ್ರಶ್ನೆಯೇ ವಿದ್ಯೆಯ ವೇಷದಲ್ಲಿ ಮರಳಿ ಬಂದಂತಾಗುವುದು. 1998ರಲ್ಲಿ ಅಮೆರಿಕೆಯ ವೈದ್ಯೆಯರಾದ ಮೆಲನಿ ಟರ್ವಲನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ ಅವರು ಇದನ್ನೇ ವಿಚಾರಿಸಿ, ಬೇಕಾದುದು ಪರಸಂಸ್ಕೃತಿಯನ್ನು ಅರಿತುಮುಗಿಸಿದೆನೆಂಬ ಪಾಂಡಿತ್ಯವಲ್ಲ, ಜನ್ಮವೆಲ್ಲ ಕಲಿಯುವ ವಿನಯವೆಂದು ಪ್ರತಿಪಾದಿಸಿದರು. ನಮಗೆ ಈ ಮಾತು ಹೊಸದೇನೂ ಅಲ್ಲ. ತಾನು ಕಿರಿಯನೆಂದು ತಿಳಿಯುವುದೇ ಭಕ್ತನ ಲಕ್ಷಣವೆಂದು ಈ ಮಠದಲ್ಲಿ ಕೇಳಿಯೇ ಬೆಳೆದವರು ನಾವು.

ಆದಕಾರಣ ಮೂರನೆಯ ಮಾರ್ಗವು ಜನರ ನಡುವೆ ಇರುವುದು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು ಸೋಲಿಗರ ನಡುವೆ ನೆಲಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೇವೆಮಾಡಿದುದನ್ನು ನಾಡೆಲ್ಲ ಬಲ್ಲದು. ಎಲ್ಲ ವಿದ್ಯಾರ್ಥಿಗಳಿಗೂ ಅಷ್ಟು ತ್ಯಾಗವು ಸಾಧ್ಯವಲ್ಲ. ವಹಿಸಿಕೊಂಡ ಕುಟುಂಬದ ಜಗಲಿಯ ಮೇಲೆ ತಿಂಗಳಿಗೊಂದು ಸಂಜೆ ಕುಳಿತು, ಅವರ ರೊಟ್ಟಿಯನ್ನು ತಿಂದು ಮಾತನಾಡುವುದು ಸಾಧ್ಯ. ಪರೀಕ್ಷೆಯಲ್ಲಿಯೂ ಇದಕ್ಕೆ ಅಂಕಗಳಿರಬೇಕು. ಪರೀಕ್ಷೆಯಲ್ಲಿಲ್ಲದುದನ್ನು ವಿದ್ಯಾರ್ಥಿಯು ಓದುವುದಿಲ್ಲವೆಂಬುದು ಶಿಕ್ಷಕರೆಲ್ಲರ ಅನುಭವ. ಇಂಗ್ಲೆಂಡಿನಲ್ಲಿ ವೃತ್ತಿಮಾಡಲಿಚ್ಛಿಸುವ ಹೊರದೇಶದ ವೈದ್ಯರು ಕೊಡಬೇಕಾದ ಪ್ಲ್ಯಾಬ್ ಪರೀಕ್ಷೆಯಲ್ಲಿ ರೋಗಿಯೊಡನೆ ಮಾತನಾಡುವ ರೀತಿಯನ್ನೇ ಕುಳಿತು ನೋಡುವರು. ನಮ್ಮ ಮಕ್ಕಳು ಅದಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸಮಾಡಿ, ಅಲ್ಲಿನ ಮುದುಕಿಯನ್ನು "ತಮ್ಮ ಚಿಂತೆಯೇನು ತಾಯಿ" ಎಂದು ಕೇಳಲು ಕಲಿಯುವರು. ಸೂಳೆಕೆರೆಯ ದಂಡೆಯ ಮುದುಕಿಗೆ ಆ ಪ್ರಶ್ನೆಯು ಏಕೆ ಸಲ್ಲಬಾರದು?

ಮಹನೀಯರೇ, ಬಸವಾಪಟ್ಟಣಕ್ಕೆ ನಾನಾಜನರ ಸಹವಾಸವು ಹೊಸದಲ್ಲ. ಪಾಳೆಯಗಾರರು ಆಳಿದ ಈ ಊರು, 1687ರಲ್ಲಿ ಮೊಗಲರು ಸೀರ್ಯದ ಸುಭೆಯನ್ನು ಏರ್ಪಡಿಸಿದಾಗ ಅದರ ಏಳು ಪರಗಣೆಗಳಲ್ಲಿ ಒಂದಾಗಿದ್ದಿತು. ನೆರೆಯ ಸಂತೆಬೆನ್ನೂರಿನಲ್ಲಿ ಪುಷ್ಕರಿಣಿಯೂ ಮುಸಾಫಿರಖಾನೆಯೂ ಇಂದಿಗೂ ಎದುರುಬದುರಾಗಿ ನಿಂತಿರುವುವು. ಕನ್ನಡ, ಉರ್ದು, ಲಂಬಾಣಿ ನುಡಿಗಳು ನಮ್ಮ ಸಂತೆಯಲ್ಲಿ ಒಟ್ಟಿಗೆ ಕೇಳಿಬರುವುವು. ಇಂತಹ ಊರು ವೈದ್ಯವಿದ್ಯಾರ್ಥಿಗೆ ಒಂದು ಪಾಠಶಾಲೆಯೇ ಆಗಬಲ್ಲದು. ಆದುದರಿಂದ ಶ್ರೀಮಠದ ಸನ್ನಿಧಿಯಲ್ಲಿ ಮೂರು ವಿಜ್ಞಾಪನೆಗಳನ್ನು ಮಾಡಿಕೊಳ್ಳುವೆನು.

ಒಂದನೆಯದು: ದಾವಣಗೆರೆಯ ಕಾಲೇಜುಗಳಿಗೆ ಹೊಸದಾಗಿ ಬರುವ ಪರಪ್ರಾಂತದ ವಿದ್ಯಾರ್ಥಿಗಳನ್ನು ಪ್ರತಿವರ್ಷ ಜಾತ್ರೆಯ ಕಾಲಕ್ಕೆ ಕರೆಸಿ, ದಾಸೋಹದ ಪಂಕ್ತಿಯಲ್ಲಿ ಕುಳ್ಳಿರಿಸಿ, ಭಕ್ತರ ಮನೆಗಳಲ್ಲಿ ಎರಡು ರಾತ್ರಿ ಉಳಿಸುವ ಏರ್ಪಾಟಾಗಲಿ. ಎರಡನೆಯದು: ನಮ್ಮ ಸೀಮೆಯ ಜನರು ಬೇನೆಗಳಿಗೆ ಬಳಸುವ ಮಾತುಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿ ಒಂದು ಚಿಕ್ಕ ಪುಸ್ತಕವನ್ನು ಶ್ರೀಮಠವು ಅಚ್ಚುಹಾಕಿಸಲಿ; ಲಂಬಾಣಿ ಉರ್ದುಗಳ ಮಾತುಗಳೂ ಅದರಲ್ಲಿರಲಿ. ಮೂರನೆಯದು: ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಇಷ್ಟಲಿಂಗವನ್ನು ಹೇಗಿಟ್ಟುಕೊಳ್ಳಬೇಕು, ಔಷಧವನ್ನು ಪೂಜೆಗೆ ಮುಂಚೆ ಸೇವಿಸಬೇಕಾಗಿ ಬಂದರೆ ಹೇಗೆ ನಡೆಯಬೇಕು ಎಂಬುದನ್ನು ಗುರುಮುಖದಿಂದಲೇ ಅಪ್ಪಣೆ ಕೊಡಿಸಬೇಕು. ವೈದ್ಯನು ಹೇಳಿದರೆ ತರ್ಕವಾಗುವುದು. ಗುರುವು ಹೇಳಿದರೆ ಸಮಾಧಾನವಾಗುವುದು.

ಭಕ್ತಬಂಧುಗಳಲ್ಲಿ ನನ್ನದೊಂದು ಪ್ರಾರ್ಥನೆಯುಂಟು. ವೈದ್ಯನು ಕೇಳಬೇಕಾದಂತೆ ನಾವೂ ಹೇಳಬೇಕು. ನಾಟಿಯ ಔಷಧವನ್ನು ಸೇವಿಸಿದ್ದರೆ ಮುಚ್ಚಿಡಬಾರದು. ಮಾತು ತೊದಲುವ ಹೊರನಾಡಿನ ಹುಡುಗಿಯು "ಅಜ್ಜಿ, ಊಟ ಆಯ್ತಾ" ಎಂದು ತಪ್ಪುತಪ್ಪಾಗಿ ಕೇಳಿದರೆ ನಗಬಾರದು. ಅವಳು ತನ್ನ ಮನೆಯನ್ನು ಬಿಟ್ಟು ನಮ್ಮ ಮನೆಯ ಬಾಗಿಲಿಗೆ ಬಂದಿರುವಳು. ನಮ್ಮ ಇಷ್ಟಲಿಂಗಕ್ಕೆ ನಾವು ಬಯಸುವ ಗೌರವವನ್ನು ಪಕ್ಕದ ಮಂಚದವನ ತಾಯಿತಕ್ಕೂ, ಶಿಲುಬೆಗೂ, ತೋಳಬಳೆಗೂ ನಾವೇ ಮೊದಲು ಸಲ್ಲಿಸಬೇಕು.

ಆ ಲಂಬಾಣಿ ತಾಯಿಯು ಮತ್ತೆರಡು ಬಾರಿ ಬಸಿರಾಗಿ ನನ್ನ ಬಳಿಗೇ ಬಂದಳು. ಬಂದಾಗಲೆಲ್ಲ ನಾನು ಕೇಳುವುದಕ್ಕೆ ಮುಂಚೆಯೇ ಬಳೆಗಳನ್ನು ಮೇಲಕ್ಕೆ ಸರಿಸಿ ತೋಳನ್ನು ಚಾಚುತ್ತಿದ್ದಳು. ನನ್ನನ್ನು ಕ್ಷಮಿಸಿದಳೆಂದು ಹೇಳುವ ಧೈರ್ಯವು ನನಗಿಲ್ಲ. ಅವಳು ನನಗೆ ಪಾಠ ಹೇಳಿಕೊಟ್ಟಳೆಂದು ಮಾತ್ರ ಬಲ್ಲೆನು. ಆ ಪಾಠವನ್ನೇ ಈ ದಿನ ಗುರುಸನ್ನಿಧಿಯಲ್ಲಿ ಒಪ್ಪಿಸಿರುವೆನು. ಇದರಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ಶ್ರೀಗುರುವಿನದು, ಕುಂದೇನಾದರೂ ಇದ್ದರೆ ಅದು ನನ್ನದು.